ಸರ್ವಿಸ್ ಸ್ಟಾರ್ಟ್ ಆಗುತ್ತಿಲ್ಲ, ಕಂಪ್ಯೂಟರ್ ಬೇರೆ ಊರಲ್ಲಿದೆ: ಯಾವ ದಾರಿಯಲ್ಲಿ ಒಳಗೆ ಹೋಗಬೇಕು?

"ಪ್ರಿಂಟ್ ಬರ್ತಿಲ್ಲ ಸರ್." "ಬಿಲ್ಲಿಂಗ್ ಓಪನ್ ಆಗ್ತಿಲ್ಲ ಮೇಡಂ." ಫೋನ್ ಬರುವುದು ಹೀಗೇ. ಹಿನ್ನೆಲೆಯಲ್ಲಿ ಓಡಬೇಕಾದ ಒಂದು ಸರ್ವಿಸ್ ನಿಂತಿದೆ ಎಂದು ಯಾರೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಅದನ್ನು ಕಂಡುಹಿಡಿಯುವುದು ನಮ್ಮ ಕೆಲಸ. ಆದರೆ ಕಂಪ್ಯೂಟರ್ ಇರುವುದು ರಾಯಚೂರಿನ ಬ್ರಾಂಚಿನಲ್ಲಿ, ನಾವು ಕೂತಿರುವುದು ಬೆಂಗಳೂರಿನಲ್ಲಿ.

ವಿಂಡೋಸ್ ಕಂಪ್ಯೂಟರಿನ ಒಳಗೆ ದೂರದಿಂದ ಹೋಗಲು ಐದಾರು ದಾರಿಗಳಿವೆ. ಬಹಳ ಜನ ಅಭ್ಯಾಸದಿಂದ ಒಂದನ್ನೇ ಹಿಡಿಯುತ್ತಾರೆ, ಹೆಚ್ಚಾಗಿ ಸ್ಕ್ರೀನ್ ಶೇರಿಂಗ್. ಕಣ್ಣಿಗೆ ಎಲ್ಲವೂ ಕಾಣುತ್ತದೆ, ಹಾಗಾಗಿ ಸುಲಭ ಅನಿಸುತ್ತದೆ. ನನ್ನ ಪ್ರಕಾರ ದಾರಿ ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ದಾರಿ ಕೆಲಸ ಮಾಡಲು ಆ ಕಡೆ ಯಾವ ಸರ್ವಿಸ್ ಆಗಲೇ ಓಡುತ್ತಿರಬೇಕು? ಸರ್ವಿಸ್ ಯಾಕೆ ಏಳುತ್ತಿಲ್ಲ ಅನ್ನುವ ಕಾರಣ ಈ ದಾರಿಯಲ್ಲಿ ನನಗೆ ಕಾಣುತ್ತದಾ? ದೂರದಿಂದ ಒಳಗೆ ಹೋಗುವ ಪ್ರತಿ ದಾರಿಯೂ ಆ ಕಂಪ್ಯೂಟರಿನ ಇನ್ಯಾವುದೋ ಸರ್ವಿಸ್ ಮೇಲೆ ನಿಂತಿದೆ. ಕೆಟ್ಟಿರುವುದು ಅದೇ ಆದರೆ ಆ ದಾರಿ ಮುಚ್ಚಿಹೋಗಿರುತ್ತದೆ.

ಮೊದಲು ನಂಬರ್ ಕೇಳಿ

ಫೋನ್ ಮಾಡಿದವರಿಗೆ "ಸ್ಟಾರ್ಟ್ ಒತ್ತಿ ನೋಡಿ" ಎಂದು ಹೇಳುವ ಮುಂಚೆ, ಪರದೆಯ ಮೇಲೆ ಯಾವ ಎರರ್ ನಂಬರ್ ಬಂದಿದೆ ಎಂದು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ, ಯಾವ ದಾರಿ ಹಿಡಿಯಬೇಕು ಅನ್ನುವುದೂ ತಿಳಿಯುತ್ತದೆ.

1058 ಬಂದರೆ ಸರ್ವಿಸನ್ನು ಯಾರೋ ಡಿಸೇಬಲ್ ಮಾಡಿದ್ದಾರೆ. 1068 ಬಂದರೆ ಈ ಸರ್ವಿಸ್ ನೆಚ್ಚಿಕೊಂಡಿರುವ ಇನ್ನೊಂದು ಸರ್ವಿಸ್ ಎದ್ದಿಲ್ಲ, ತಪ್ಪು ಕೆಳಗಿನ ಮೆಟ್ಟಿಲಲ್ಲಿದೆ. 1069 ಅಂದರೆ ಸರ್ವಿಸ್ ಬಳಸುವ ಅಕೌಂಟಿಗೆ ಲಾಗಿನ್ ಆಗಲು ಆಗಲಿಲ್ಲ. ಬಹುತೇಕ ಪಾಸ್‌ವರ್ಡ್ ಬದಲಾಗಿರುತ್ತದೆ, ಇಲ್ಲವೇ ಸರ್ವಿಸ್ ಆಗಿ ಲಾಗಿನ್ ಆಗುವ ಹಕ್ಕನ್ನು ಗ್ರೂಪ್ ಪಾಲಿಸಿ (ಆಫೀಸಿನ ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಹೋಗುವ ನಿಯಮ) ಕಿತ್ತುಕೊಂಡಿರುತ್ತದೆ. 1053 ಅಂದರೆ ಸರ್ವಿಸ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. ವಿಂಡೋಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ. 1067 ಅಂದರೆ ಪ್ರೋಗ್ರಾಂ ಎದ್ದು, ತಾನೇ ಬಿದ್ದುಹೋಗಿದೆ. ಬರೀ 2 ಬಂದರೆ ಫೈಲೇ ಇಲ್ಲ, ಬರೀ 5 ಬಂದರೆ ಪರ್ಮಿಷನ್ ಇಲ್ಲ.

ಇನ್ನೊಂದು ನಂಬರ್ ಇದೆ, 1077. ಸರ್ವಿಸಿನ ಸ್ಥಿತಿ ಕೇಳಿದಾಗ ಎಕ್ಸಿಟ್ ಕೋಡ್ (ನಿಂತಾಗ ಬಿಟ್ಟುಹೋಗುವ ನಂಬರ್) ಜಾಗದಲ್ಲಿ ಇದು ಕಂಡರೆ, ಕಂಪ್ಯೂಟರ್ ಆನ್ ಆದಮೇಲೆ ಆ ಸರ್ವಿಸನ್ನು ಯಾರೂ ಎಬ್ಬಿಸಲೇ ಇಲ್ಲ ಎಂದರ್ಥ. ಅಂದರೆ ಅದು ಬಿದ್ದಿಲ್ಲ, ಅದಕ್ಕೆ ಕರೆಯೇ ಹೋಗಿಲ್ಲ. ಸ್ಟಾರ್ಟ್ ಟೈಪ್ ಮ್ಯಾನ್ಯುಯಲ್‌ಗೆ ಬದಲಾಗಿರುವುದು ಇಲ್ಲಿ ಸಾಮಾನ್ಯ ಕಾರಣ. ಇದನ್ನು ಗಮನಿಸದೆ ಲಾಗ್ (ವಿಂಡೋಸ್ ಬರೆದಿಡುವ ಘಟನೆಗಳ ದಾಖಲೆ) ಹುಡುಕುತ್ತಾ ಕೂತರೆ ಗಂಟೆಗಳು ಹೋಗುತ್ತವೆ.

ನಂಬರ್ ಗೊತ್ತಾದಮೇಲೆ ಸಿಸ್ಟಮ್ ಲಾಗಿನಲ್ಲಿ, ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಬರೆದದ್ದನ್ನು ನೋಡಬೇಕು. ಅಲ್ಲಿ ಪ್ರತಿ ದಾಖಲೆಗೂ ಅದರದೇ ನಂಬರ್ ಇರುತ್ತದೆ. 7000 ಸ್ಟಾರ್ಟ್ ಆಗಲಿಲ್ಲ ಎನ್ನುತ್ತದೆ. 7001 ಯಾವ ಸರ್ವಿಸಿನಿಂದಾಗಿ ನಿಂತಿತು ಎಂದು ಹೆಸರು ಹಿಡಿದು ಹೇಳುತ್ತದೆ. 7009 ಕಾದು ಸಾಕಾಯಿತು ಎನ್ನುತ್ತದೆ. 7038 ಪಾಸ್‌ವರ್ಡ್, 7041 ಲಾಗಿನ್ ಹಕ್ಕು. 7031 ಮತ್ತು 7034 ಎರಡೂ ಇದ್ದಕ್ಕಿದ್ದಂತೆ ಬಿದ್ದದ್ದನ್ನು ಹೇಳುತ್ತವೆ. ಬಿದ್ದಮೇಲೆ ವಿಂಡೋಸ್ ಏನು ಮಾಡಲಿದೆ ಅನ್ನುವುದು 7031ರಲ್ಲಿ ಮಾತ್ರ ಇರುತ್ತದೆ. 7040 ನನಗೆ ಬಹಳ ಇಷ್ಟ. ಸ್ಟಾರ್ಟ್ ಟೈಪ್ ಯಾವಾಗ ಬದಲಾಯಿತು ಎಂದು ಅದು ಹೊತ್ತಿನ ಸಮೇತ ಹೇಳುತ್ತದೆ.

ಕರೆ ಮಾಡಿದವರು "ಆಫ್ ಮಾಡಿ ಆನ್ ಮಾಡಿದೆ" ಎಂದರೆ ಅದನ್ನು ರೀಸ್ಟಾರ್ಟ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ಶಟ್‌ಡೌನ್ ಮಾಡಿದಾಗ ಕರ್ನಲ್ ಮತ್ತು ಸರ್ವಿಸ್‌ಗಳಿರುವ ಸೆಷನ್ ಡಿಸ್ಕಿನಲ್ಲಿ ಹಾಗೇ ಮಲಗುತ್ತದೆ. ಆನ್ ಮಾಡಿದಾಗ ಅದೇ ಎದ್ದು ಬರುತ್ತದೆ. ಮೆನುವಿನಿಂದ ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಹಾಗೆಯೇ ಡಿಲೇಡ್ ಸ್ಟಾರ್ಟ್ ಎಂದು ಗುರುತು ಮಾಡಿದ ಸರ್ವಿಸ್‌ಗಳು ಬೂಟ್ ಆಗಿ ಸುಮಾರು 2 ನಿಮಿಷದ ನಂತರ ಏಳುತ್ತವೆ. ಬೆಳಗ್ಗೆ ಅಂಗಡಿ ತೆರೆದ ತಕ್ಷಣ ಬರುವ ಫೋನ್‌ಗಳಲ್ಲಿ ಕೆಲವಕ್ಕೆ ಇಷ್ಟೇ ಕಾರಣ.

ಸರ್ವಿಸಸ್ ವಿಂಡೋ ಮತ್ತು ಎಸ್‌ಸಿ ಕಮಾಂಡ್

ನಿಮ್ಮ ಕಂಪ್ಯೂಟರಿನಲ್ಲೇ ಸರ್ವಿಸಸ್ ವಿಂಡೋ ತೆರೆದು, ಆಕ್ಷನ್ ಮೆನುವಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಕನೆಕ್ಟ್ ಆಗುವ ಆಯ್ಕೆ ಒತ್ತಿದರೆ ಆ ಕಡೆಯ ಪಟ್ಟಿ ಬರುತ್ತದೆ. ಎಸ್‌ಸಿ ಕಮಾಂಡ್ ಕೂಡ ಇದೇ ಕೆಲಸವನ್ನು ಕರಿ ಪರದೆಯಲ್ಲಿ ಮಾಡುತ್ತದೆ. ಎರಡಕ್ಕೂ ಆಧಾರ ಆರ್‌ಪಿಸಿ, ಅಂದರೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕೆಲಸ ಹೇಳುವ ವ್ಯವಸ್ಥೆ. ಅದಕ್ಕೆ ಬೇಕಾದ ಪೋರ್ಟ್‌ಗಳು (ನೆಟ್‌ವರ್ಕ್ ಬಾಗಿಲುಗಳು) 135, 445, ಮತ್ತು 49152ರಿಂದ ಮೇಲಿನ ಪೋರ್ಟ್‌ಗಳ ಒಂದು ಸಾಲು. ಒಂದೇ ಆಫೀಸಿನ ನೆಟ್‌ವರ್ಕ್‌ನಲ್ಲಿ, ಡೊಮೈನ್ (ಎಲ್ಲ ಕಂಪ್ಯೂಟರ್ ಮತ್ತು ಅಕೌಂಟ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇರುವ ಕಡೆ, ಇದಕ್ಕಿಂತ ಬೇಗದ ದಾರಿ ಇಲ್ಲ. ಆ ಕಡೆ ಕೂತವರಿಗೆ ಗೊತ್ತೂ ಆಗುವುದಿಲ್ಲ, ಅವರ ಕೆಲಸವೂ ನಿಲ್ಲುವುದಿಲ್ಲ.

1058 ಮತ್ತು 1068ಕ್ಕೆ ನಾನು ಮೊದಲು ಹಿಡಿಯುವುದು ಇದನ್ನೇ. ಎಸ್‌ಸಿ ಕ್ಯೂಸಿ ಎಂದು ಕೇಳಿದರೆ ಸ್ಟಾರ್ಟ್ ಟೈಪ್, ಫೈಲ್ ಇರುವ ಜಾಗ, ಯಾವ ಅಕೌಂಟ್, ಯಾವ ಸರ್ವಿಸ್‌ಗಳನ್ನು ನೆಚ್ಚಿಕೊಂಡಿದೆ ಎಲ್ಲವೂ ಒಂದೇ ಉತ್ತರದಲ್ಲಿ ಬರುತ್ತದೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು, ನಿಜವಾಗಿ ಬಿದ್ದಿರುವ ಸರ್ವಿಸ್ ಹುಡುಕಬಹುದು. ಬಳಸುವಾಗ ಎರಡು ಎಚ್ಚರಿಕೆ ಬೇಕು. ವಿಂಡೋಸ್ ಪವರ್‌ಶೆಲ್ ಎಂಬ ಕಮಾಂಡ್ ಪರದೆಯ 5.1 ಆವೃತ್ತಿಯ ಒಳಗೆ ಎಸ್‌ಸಿ ಎಂದಷ್ಟೇ ಬರೆದರೆ ಅದು ಫೈಲಿಗೆ ಬರೆಯುವ ಬೇರೆಯೇ ಕಮಾಂಡ್ ಆಗುತ್ತದೆ, ಕೊನೆಗೆ ಡಾಟ್ ಇಎಕ್ಸ್‌ಇ ಸೇರಿಸಲೇಬೇಕು. ಸ್ಟಾರ್ಟ್ ಟೈಪ್ ಬದಲಿಸುವಾಗ ಸಮ ಚಿಹ್ನೆಯ ನಂತರ ಒಂದು ಜಾಗ ಬಿಡಬೇಕು, ಇಲ್ಲದಿದ್ದರೆ ಕಮಾಂಡ್ ಕೆಲಸ ಮಾಡುವುದಿಲ್ಲ.

ಈ ದಾರಿಯ ಕೊರತೆ ಅಂದರೆ ಲಾಗ್ ಇಲ್ಲಿ ಕಾಣುವುದಿಲ್ಲ. ಇವೆಂಟ್ ವ್ಯೂವರನ್ನು ಬೇರೆಯಾಗಿ ಕನೆಕ್ಟ್ ಮಾಡಬೇಕು. ಫೈರ್‌ವಾಲ್‌ನಲ್ಲಿ ಸರ್ವಿಸ್‌ಗಳಿಗೊಂದು, ಇವೆಂಟ್ ಲಾಗಿಗೊಂದು, ಹೀಗೆ ಎರಡು ಬೇರೆ ಬೇರೆ ರೂಲ್ ಗುಂಪುಗಳಿವೆ. ಒಂದು ತೆರೆದು ಇನ್ನೊಂದು ಮುಚ್ಚಿರುವುದು ಬಹಳ ಸಾಮಾನ್ಯ. 1722 ಎಂದು ಬಂದರೆ ಆ ಕಡೆಯ ಆರ್‌ಪಿಸಿಗೆ ನಿಮ್ಮ ಮಾತು ಮುಟ್ಟಿಲ್ಲ ಎಂದರ್ಥ. ಹೆಚ್ಚಾಗಿ ಫೈರ್‌ವಾಲ್ ಅಥವಾ ಹೆಸರು ಐಪಿಗೆ ಹೊಂದದಿರುವುದು ಕಾರಣ. ಡೊಮೈನ್ ಇಲ್ಲದ ಕಡೆ ಪಾಸ್‌ವರ್ಡ್ ಸರಿಯಿದ್ದರೂ ಪರ್ಮಿಷನ್ ಇಲ್ಲ ಎನ್ನುತ್ತದೆ, ಯಾಕೆಂದರೆ ದೂರದಿಂದ ಬರುವ ಲೋಕಲ್ ಅಡ್ಮಿನ್ ಅಕೌಂಟಿನ ಅಧಿಕಾರವನ್ನು ಯುಎಸಿ ಎಂಬ ವಿಂಡೋಸ್ ರಕ್ಷಣೆ ಕತ್ತರಿಸುತ್ತದೆ. ಲೋಕಲ್‌ಅಕೌಂಟ್‌ಟೋಕನ್‌ಫಿಲ್ಟರ್‌ಪಾಲಿಸಿ ಎಂಬ ರಿಜಿಸ್ಟ್ರಿ ಮೌಲ್ಯವನ್ನು 1 ಮಾಡಿದರೆ ಅದು ಸರಿಹೋಗುತ್ತದೆ. ಆದರೆ ಎಲ್ಲ ಕಂಪ್ಯೂಟರಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಟ್ಟಿರುವ ಆಫೀಸಿನಲ್ಲಿ ಅದನ್ನು ಮಾಡಲೇಬೇಡಿ. ಒಂದಕ್ಕೆ ನುಗ್ಗಿದವನಿಗೆ ಎಲ್ಲವೂ ತೆರೆದ ಹಾಗಾಗುತ್ತದೆ.

ಪವರ್‌ಶೆಲ್ ರಿಮೋಟಿಂಗ್

ಒಂದೇ ದಾರಿ ಆರಿಸಿ ಎಂದರೆ ನಾನು ಆರಿಸುವುದು ಇದನ್ನು. ಆ ಕಡೆ, ದೂರದಿಂದ ಬರುವ ಕಮಾಂಡ್‌ಗಳನ್ನು ಕೇಳಿಸಿಕೊಳ್ಳುವ ವಿನ್‌ಆರ್‌ಎಂ ಸರ್ವಿಸ್ ಓಡುತ್ತಿರಬೇಕು. ಬೇಕಾಗಿರುವ ಪೋರ್ಟ್ ಒಂದೇ, 5985. ಎಚ್‌ಟಿಟಿಪಿಎಸ್ ಆದರೆ 5986. ಆರ್‌ಪಿಸಿಯ ಹಾಗೆ ಪೋರ್ಟ್‌ಗಳ ಸಾಲು ತೆರೆಯಬೇಕಿಲ್ಲ, ಹಾಗಾಗಿ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ದಾಟಿ ಬೇರೆ ಊರಿನ ಬ್ರಾಂಚಿಗೆ ಹೋಗಲು ಇದು ಸಲೀಸು. ವಿಂಡೋಸ್ ಸರ್ವರ್ 2012ರಿಂದ ಈಚೆಗೆ ಸರ್ವರ್‌ಗಳಲ್ಲಿ ಇದು ಮೊದಲಿಂದಲೇ ಚಾಲೂ ಇರುತ್ತದೆ. ವಿಂಡೋಸ್ 10, 11ರಲ್ಲಿ ನಾವೇ ಚಾಲೂ ಮಾಡಬೇಕು. ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್ ಎಂದಿದ್ದರೆ ಚಾಲೂ ಮಾಡುವ ಕಮಾಂಡ್ ಒಪ್ಪುವುದಿಲ್ಲ, ಅದನ್ನು ಮೊದಲು ಪ್ರೈವೇಟ್ ಮಾಡಿ.

ಇದನ್ನು ಮೆಚ್ಚಲು ಕಾರಣ ಸ್ಥಿತಿ, ಲಾಗ್, ಫೈಲ್, ಡಿಸ್ಕ್ ಎಲ್ಲವೂ ಒಂದೇ ಕಡೆ ಸಿಗುವುದು. ವಿಂಡೋಸ್ ತನ್ನ ಸ್ಥಿತಿಗತಿ ತಿಳಿಸುವ ಡಬ್ಲ್ಯುಎಂಐ ವ್ಯವಸ್ಥೆಯಲ್ಲಿ ವಿನ್32 ಸರ್ವಿಸ್ ಎಂಬ ವರ್ಗವನ್ನು ಕೇಳಿದರೆ ಸರ್ವಿಸಿನ ಎಕ್ಸಿಟ್ ಕೋಡ್ ಬರುತ್ತದೆ. ಅದು 1066 ಆಗಿದ್ದರೆ ಪಕ್ಕದ ಇನ್ನೊಂದು ಮೌಲ್ಯ ನೋಡಬೇಕು, ಅದು ಆ ಪ್ರೋಗ್ರಾಂ ತಾನೇ ಕೊಟ್ಟ ನಂಬರ್. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಪ್ರೋಗ್ರಾಂ ಎದ್ದಿಲ್ಲ, ಆ ಜಾಗದಲ್ಲಿ 3417 ಇದೆ ಎಂದುಕೊಳ್ಳಿ. ಆಗ ತೊಂದರೆ ಮಾಸ್ಟರ್ ಡೇಟಾಬೇಸಿನಲ್ಲಿದೆ. ಹತ್ತು ಸಲ ಸ್ಟಾರ್ಟ್ ಒತ್ತಿದರೂ ಏನೂ ಆಗುವುದಿಲ್ಲ. ಅದೇ ಸೆಷನ್‌ನಲ್ಲಿ ಎಸ್‌ಕ್ಯೂಎಲ್‌ನ ಎರರ್‌ಲಾಗ್ ಫೈಲಿನ ಕೊನೆಯ ಸಾಲುಗಳನ್ನು ಓದಿ, ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿ, ಆಮೇಲೆ ಮುಂದಿನ ಹೆಜ್ಜೆ.

ಹತ್ತು ಬ್ರಾಂಚಿನಲ್ಲಿ ಒಂದೇ ಸರ್ವಿಸ್ ಬಿದ್ದಿದ್ದರೆ ಒಂದೇ ಕಮಾಂಡಿನಲ್ಲಿ ಹತ್ತನ್ನೂ ಕೇಳಬಹುದು. ಇದು ಬೇರೆ ಯಾವ ದಾರಿಯಲ್ಲೂ ಇಷ್ಟು ಸುಲಭವಲ್ಲ. ಹತ್ತರಲ್ಲೂ ಒಂದೇ ದಿನ, ಒಂದೇ ಹೊತ್ತಿಗೆ ಬಿದ್ದಿದ್ದರೆ ಕಾರಣ ಅಪ್‌ಡೇಟ್ ಅಥವಾ ಪಾಸ್‌ವರ್ಡ್ ಬದಲಾವಣೆ ಎಂದು ಊಹೆ ತಾನಾಗೇ ಆ ಕಡೆ ಹೋಗುತ್ತದೆ.

ಇಲ್ಲೂ ತೊಡಕುಗಳಿವೆ. ಸೆಷನ್‌ನ ಒಳಗಿಂದ ಮೂರನೇ ಕಂಪ್ಯೂಟರಿನ ಶೇರ್ ಫೋಲ್ಡರಿಗೆ ಹೋಗಲು ನೋಡಿದರೆ ಪರ್ಮಿಷನ್ ಸಿಗುವುದಿಲ್ಲ, ನಿಮ್ಮ ಗುರುತು ಒಂದು ಹೆಜ್ಜೆಯಷ್ಟೇ ದಾಟುತ್ತದೆ. ಬೇಕಾದ ಫೈಲನ್ನು ಮೊದಲೇ ಆ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳುವುದು ಸರಳ ಉಪಾಯ. ಡೊಮೈನ್ ಇಲ್ಲದಿದ್ದರೆ ನಿಮ್ಮ ಕಡೆ ಟ್ರಸ್ಟೆಡ್ ಹೋಸ್ಟ್ಸ್ ಪಟ್ಟಿಗೆ ಆ ಕಂಪ್ಯೂಟರಿನ ಹೆಸರು ಸೇರಿಸಬೇಕು. ಹಳೆಯ ಲೇಖನಗಳಲ್ಲಿ ಗೆಟ್-ಸರ್ವಿಸ್ ಕಮಾಂಡಿಗೆ ಕಂಪ್ಯೂಟರ್ ಹೆಸರು ಕೊಡುವ ವಿಧಾನ ಕಾಣುತ್ತದೆ. ಅದು 5.1ರವರೆಗೆ ಮಾತ್ರ ನಡೆಯುತ್ತದೆ, ಪವರ್‌ಶೆಲ್ 7ರಲ್ಲಿ ತೆಗೆದುಹಾಕಿದ್ದಾರೆ. ಇನ್ವೋಕ್-ಕಮಾಂಡ್ ಒಳಗೆ ಬರೆದರೆ ಎರಡರಲ್ಲೂ ನಡೆಯುತ್ತದೆ.

ಕಮಾಂಡ್ ಎಂದರೆ ಹಿಂಜರಿಕೆ ಇರುವವರಿಗೆ ವಿಂಡೋಸ್ ಅಡ್ಮಿನ್ ಸೆಂಟರ್ ಇದೆ. 2018ರಲ್ಲಿ ಬಂದದ್ದು, ಉಚಿತ, ಬ್ರೌಸರಿನಲ್ಲಿ ಸರ್ವಿಸ್ ಮತ್ತು ಇವೆಂಟ್ ಎರಡೂ ಕಾಣುತ್ತವೆ. ಅದು ಕೂಡ ಆ ಕಂಪ್ಯೂಟರಿನ ವಿನ್‌ಆರ್‌ಎಂ ಮೂಲಕವೇ ಹೋಗುತ್ತದೆ. ವಿನ್‌ಆರ್‌ಎಂ ಬಿದ್ದಾಗ ಇದು ಇನ್ನೊಂದು ದಾರಿ ಎಂದುಕೊಳ್ಳಬೇಡಿ.

ರಿಮೋಟ್ ಡೆಸ್ಕ್‌ಟಾಪ್ ಮತ್ತು ಸ್ಕ್ರೀನ್ ಶೇರಿಂಗ್

ಈ ಎರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಸರ್ವಿಸ್ ಕೆಲಸಕ್ಕೆ ಇವುಗಳ ವ್ಯತ್ಯಾಸ ದೊಡ್ಡದು.

ರಿಮೋಟ್ ಡೆಸ್ಕ್‌ಟಾಪ್ 3389 ಪೋರ್ಟಿನಲ್ಲಿ, ಟರ್ಮ್‌ಸರ್ವಿಸ್ ಎಂಬ ಸರ್ವಿಸ್ ಮೇಲೆ ನಡೆಯುತ್ತದೆ. ವಿಂಡೋಸ್ ಹೋಮ್ ಆವೃತ್ತಿಯ ಒಳಗೆ ಹೀಗೆ ಹೋಗಲು ಆಗುವುದಿಲ್ಲ, ಪ್ರೋ ಬೇಕು. ಪ್ರೋದಲ್ಲೂ ನೀವು ಒಳಗೆ ಹೋದರೆ ಅಲ್ಲಿ ಕೂತವರ ಪರದೆ ಲಾಕ್ ಆಗುತ್ತದೆ. ಬಿಲ್ಲಿಂಗ್ ಕೌಂಟರಿನಲ್ಲಿ ಗಿರಾಕಿಗಳು ಸಾಲಾಗಿ ನಿಂತಿರುವಾಗ ಇದು ಸರಿಯಲ್ಲ. ಸರ್ವರ್ ಆದರೆ ತೊಂದರೆಯಿಲ್ಲ, ಅಡ್ಮಿನ್ ಕೆಲಸಕ್ಕೆ 2 ಸೆಷನ್ ಸಿಗುತ್ತವೆ. 3389 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡುವುದು ಅಪಾಯ. 2019ರ ಬ್ಲೂಕೀಪ್ ದೋಷದಲ್ಲಿ ಪಾಸ್‌ವರ್ಡೇ ಇಲ್ಲದೆ ಹಳೆಯ ವಿಂಡೋಸ್‌ನೊಳಗೆ ನುಗ್ಗಲು ಸಾಧ್ಯವಿತ್ತು. ವಿಪಿಎನ್ ಹಾಕಿ, ಆಮೇಲೆ ಒಳಗೆ ಹೋಗಿ.

1069 ಸರಿಪಡಿಸಲು ರಿಮೋಟ್ ಡೆಸ್ಕ್‌ಟಾಪ್ ಒಳ್ಳೆಯದು. ಕಂಪ್ಯೂಟರಿನ ಒಳಗೇ ಸರ್ವಿಸಸ್ ವಿಂಡೋದಲ್ಲಿ ಅಕೌಂಟ್ ಮತ್ತು ಪಾಸ್‌ವರ್ಡ್ ಕೊಟ್ಟರೆ, ಸರ್ವಿಸ್ ಆಗಿ ಲಾಗಿನ್ ಆಗುವ ಹಕ್ಕನ್ನೂ ಅದೇ ಸೇರಿಸಿಕೊಳ್ಳುತ್ತದೆ. ಎಸ್‌ಸಿ ಕಮಾಂಡಿನಲ್ಲಿ ಕೊಟ್ಟರೆ ಆ ಹಕ್ಕು ಸೇರುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ 1069 ಮತ್ತೆ ಬರಲು ಇದು ಒಂದು ಕಾರಣ.

ಸ್ಕ್ರೀನ್ ಶೇರಿಂಗ್‌ನಲ್ಲಿ ವಿಂಡೋಸ್ ಜೊತೆ ಬರುವ ಕ್ವಿಕ್ ಅಸಿಸ್ಟ್ ಇದೆ. ಕಂಟ್ರೋಲ್, ವಿಂಡೋಸ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಆ ಕಡೆ ಮನುಷ್ಯರು ಕೂತಿರಲೇಬೇಕು, ನೀವು ಕೊಟ್ಟ ಕೋಡ್ ಹಾಕಿ ಒಪ್ಪಬೇಕು. ಊರಿನಲ್ಲಿರುವ ಅಣ್ಣನ ಅಂಗಡಿಯ ಕಂಪ್ಯೂಟರಿಗೆ, ಮನೆಯ ಲ್ಯಾಪ್‌ಟಾಪಿಗೆ ಇದೇ ಸಾಕು. ಹೋಮ್ ಆವೃತ್ತಿಗೂ ನಡೆಯುತ್ತದೆ. ಆದರೆ ಸರ್ವಿಸ್ ಕೆಲಸ ಅಂದರೆ ಅಡ್ಮಿನ್ ಅನುಮತಿ ಬೇಕು, ಅನುಮತಿ ಕೇಳುವ ಪರದೆ ಬಂದ ಕ್ಷಣ ನಿಮ್ಮ ಕಡೆ ಕಪ್ಪಾಗುತ್ತದೆ. ಹೌದು ಒತ್ತಬೇಕಾದವರು, ಪಾಸ್‌ವರ್ಡ್ ಹಾಕಬೇಕಾದವರು ಆ ಕಡೆಯವರೇ. ಅವರಿಗೆ ಅಡ್ಮಿನ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಅಲ್ಲಿಗೆ ನಿಂತಿತು. ಎನಿಡೆಸ್ಕ್, ಟೀಮ್‌ವ್ಯೂವರ್‌ಗಳನ್ನು ಪೂರ್ತಿ ಇನ್‌ಸ್ಟಾಲ್ ಮಾಡಿಟ್ಟರೆ ಅವು ತಾವೇ ಸರ್ವಿಸ್ ಆಗಿ ಓಡುತ್ತವೆ, ಈ ತೊಂದರೆ ಕಡಿಮೆ. ಹಾಗೆ ಇಟ್ಟರೆ ಗಟ್ಟಿ ಪಾಸ್‌ವರ್ಡ್ ಮತ್ತು ಎರಡನೇ ಹಂತದ ಕೋಡ್ ಇರಲೇಬೇಕು.

ಕೇಳದೆ ಫೋನ್ ಮಾಡಿ "ನಿಮ್ಮ ಕಂಪ್ಯೂಟರ್ ಸರಿಮಾಡ್ತೀವಿ, ಈ ಆಪ್ ಹಾಕಿ" ಎನ್ನುವ ವಂಚಕರು ಬಳಸುವುದೂ ಇದೇ ರೀತಿಯ ಆಪ್‌ಗಳನ್ನು. ನೀವು ಸಹಾಯ ಮಾಡುವವರಿಗೆ ಒಂದು ಮಾತು ಹೇಳಿಡಿ: ತಾವಾಗೇ ಕರೆ ಮಾಡಿದಾಗ ಮಾತ್ರ ಕೋಡ್ ಹಾಕಬೇಕು.

ಪಿಎಸ್‌ಎಕ್ಸೆಕ್

ಮಾರ್ಕ್ ರುಸಿನೋವಿಚ್ ಬರೆದ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಇದೊಂದು. 2006ರಲ್ಲಿ ಅವರ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡಿತು. 445 ಪೋರ್ಟ್ ಮತ್ತು ಅಡ್ಮಿನ್ ಶೇರ್ ಇದ್ದರೆ ಸಾಕು, ಆ ಕಡೆ ತಾತ್ಕಾಲಿಕವಾಗಿ ತನ್ನದೇ ಒಂದು ಸರ್ವಿಸ್ ಹಾಕಿಕೊಂಡು ಕಮಾಂಡ್ ಓಡಿಸುತ್ತದೆ. ವಿನ್‌ಆರ್‌ಎಂ ಸತ್ತಿದ್ದಾಗ ಅದನ್ನೇ ಎಬ್ಬಿಸಲು ಇದು ಕೈಹಿಡಿಯುತ್ತದೆ.

1067ಕ್ಕೆ ಇದು ಬಹಳ ಉಪಯುಕ್ತ. ನಿಮ್ಮ ಲಾಗಿನ್‌ನಲ್ಲಿ ಓಡಿಸಿದರೆ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ, ಸರ್ವಿಸ್ ಆಗಿ ಬೀಳುತ್ತದೆ ಅನ್ನುವ ಕೇಸ್‌ಗಳಿರುತ್ತವೆ ಅಲ್ವಾ? ಸಿಸ್ಟಮ್ ಅಕೌಂಟಿನಲ್ಲೇ ಆ ಪ್ರೋಗ್ರಾಮನ್ನು ಕೈಯಾರೆ ಓಡಿಸಲು ಪಿಎಸ್‌ಎಕ್ಸೆಕ್‌ನಲ್ಲಿ ಒಂದು ಆಯ್ಕೆ ಇದೆ. ಕಾಣದ ಮ್ಯಾಪ್ ಡ್ರೈವ್, ಓದಲಾಗದ ಫೋಲ್ಡರ್ ಆಗ ಬಯಲಿಗೆ ಬರುತ್ತವೆ. ಆದರೆ ದಾಳಿಕೋರರೂ ಇದನ್ನು ಬಹಳ ಬಳಸುವುದರಿಂದ ಆಂಟಿವೈರಸ್ ತಡೆಯಬಹುದು. ಹೊಸ ಸರ್ವಿಸ್ ಸೇರಿತು ಎಂದು 7045 ಕೂಡ ಲಾಗಿನಲ್ಲಿ ಬೀಳುತ್ತದೆ. ಸೆಕ್ಯುರಿಟಿ ತಂಡಕ್ಕೆ ಮೊದಲೇ ಹೇಳಿ ಬಳಸಿ, ದಿನನಿತ್ಯದ ದಾರಿ ಮಾಡಿಕೊಳ್ಳಬೇಡಿ.

ಎರಡು ಕೇಸ್

ಪ್ರಿಂಟ್‌ಗಳನ್ನು ಸಾಲಿನಲ್ಲಿಟ್ಟು ಪ್ರಿಂಟರಿಗೆ ಕಳಿಸುವ ಪ್ರಿಂಟ್ ಸ್ಪೂಲರ್ ಸರ್ವಿಸ್ ಎದ್ದು ಎದ್ದು ಬೀಳುತ್ತಿದೆ, ಲಾಗಿನಲ್ಲಿ 7031. ಹೆಚ್ಚಾಗಿ ಕೆಟ್ಟ ಪ್ರಿಂಟ್ ಜಾಬ್ ಒಂದು ಸಿಕ್ಕಿಹಾಕಿಕೊಂಡಿರುತ್ತದೆ, ಇಲ್ಲವೇ ಡ್ರೈವರ್ ಹಾಳು. ಪವರ್‌ಶೆಲ್ ರಿಮೋಟಿಂಗ್‌ನಲ್ಲಿ ಸ್ಪೂಲರ್ ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರಿನ ಫೈಲ್‌ಗಳನ್ನು ಅಳಿಸಿ, ಮತ್ತೆ ಎಬ್ಬಿಸಿ. ಕೌಂಟರಿನಲ್ಲಿ ಕೂತವರು ಕೆಲಸ ನಿಲ್ಲಿಸಬೇಕಾಗಿಲ್ಲ, ಬಾಕಿ ಇದ್ದ ಪ್ರಿಂಟ್‌ಗಳನ್ನು ಮತ್ತೊಮ್ಮೆ ಕೊಡಲು ಹೇಳಿದರಾಯಿತು. ಮುಟ್ಟುವ ಮುಂಚೆ ಒಂದು ವಿಚಾರಿಸಿ: ಅದು ಬಿದ್ದಿದೆಯಾ, ಬೇಕೆಂದೇ ನಿಲ್ಲಿಸಿದ್ದಾರಾ? 2021ರ ಪ್ರಿಂಟ್‌ನೈಟ್‌ಮೇರ್ ದೋಷದ ಸಮಯದಲ್ಲಿ ಬಹಳ ಕಡೆ ಸರ್ವರ್‌ಗಳಲ್ಲಿ ಸ್ಪೂಲರನ್ನು ಡಿಸೇಬಲ್ ಮಾಡಿದರು. ಹಾಗಿದ್ದರೆ 1058 ಅನ್ನುವುದು ರೋಗವಲ್ಲ, ಯಾರೋ ಯೋಚಿಸಿ ತೆಗೆದುಕೊಂಡ ತೀರ್ಮಾನ.

ಇನ್ನೊಂದು 1053. ಹಳೆಯ ಹಾರ್ಡ್ ಡಿಸ್ಕಿನ ಕಂಪ್ಯೂಟರಿನಲ್ಲಿ ಬೂಟ್ ಆಗುವಾಗ ಮಾತ್ರ ಸರ್ವಿಸ್ ಬೀಳುತ್ತದೆ, ಹತ್ತು ನಿಮಿಷ ಬಿಟ್ಟು ಕೈಯಾರೆ ಎಬ್ಬಿಸಿದರೆ ಓಡುತ್ತದೆ. ಇದಕ್ಕೆ ಡಿಲೇಡ್ ಸ್ಟಾರ್ಟ್ ಮಾಡಿ ನೋಡಿ, ಎಸ್‌ಸಿ ಸಾಕು. ಆಗಲಿಲ್ಲವೆಂದರೆ ರಿಜಿಸ್ಟ್ರಿಯಲ್ಲಿ ಸರ್ವಿಸಸ್‌ಪೈಪ್‌ಟೈಮ್‌ಔಟ್ ಮೌಲ್ಯವನ್ನು 60000 ಮಾಡಿ. ಅದು ಮಿಲಿಸೆಕೆಂಡ್ ಲೆಕ್ಕ, ರೀಸ್ಟಾರ್ಟ್ ಆದಮೇಲೇ ಜಾರಿಗೆ ಬರುತ್ತದೆ. ಆದರೆ ಯಾವಾಗ ಎಬ್ಬಿಸಿದರೂ 1053 ಬರುತ್ತಿದ್ದರೆ ಸಮಯ ಹೆಚ್ಚಿಸುವುದು ಸುಮ್ನೆ. ಅಪ್ಲಿಕೇಶನ್ ಲಾಗಿನಲ್ಲಿ ಆ ಪ್ರೋಗ್ರಾಂ ಬಿದ್ದ ಗುರುತು ಹುಡುಕಿ.

ಕೂತ ಕೊಂಬೆ ಕಡಿಯುವ ಮುಂಚೆ

ರಿಮೋಟ್ ಡೆಸ್ಕ್‌ಟಾಪಿನಲ್ಲಿ ಕೂತು ಟರ್ಮ್‌ಸರ್ವಿಸ್ ನಿಲ್ಲಿಸುವುದು, ಪವರ್‌ಶೆಲ್ ಸೆಷನ್‌ನಲ್ಲಿ ವಿನ್‌ಆರ್‌ಎಂ ನಿಲ್ಲಿಸುವುದು, ದೂರದಿಂದ ಫೈರ್‌ವಾಲ್ ಅಥವಾ ನೆಟ್‌ವರ್ಕ್ ಮುಟ್ಟುವುದು, ಇವೆಲ್ಲ ಕೂತ ಕೊಂಬೆಯನ್ನೇ ಕಡಿಯುವ ಕೆಲಸ. ಒಂದನ್ನು ಮುಟ್ಟಬೇಕಾದರೆ ಇನ್ನೊಂದರಿಂದ ಒಳಗೆ ಹೋಗಿ. ಇನ್ನೊಂದು ಇಲ್ಲವೆಂದರೆ, 10 ನಿಮಿಷದ ನಂತರ ಆ ಸರ್ವಿಸನ್ನು ಎಬ್ಬಿಸುವ ಒಂದು ಷೆಡ್ಯೂಲ್ಡ್ ಟಾಸ್ಕನ್ನು ಮೊದಲೇ ಇಟ್ಟು, ಆಮೇಲೆ ಕೈ ಹಾಕಿ. ಎಲ್ಲ ಸರಿಹೋದರೆ ಟಾಸ್ಕ್ ತೆಗೆದರಾಯಿತು.

ವಿಂಡೋಸೇ ಏಳದಿದ್ದರೆ ಇಲ್ಲಿಯವರೆಗಿನ ಯಾವ ದಾರಿಯೂ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಸೆಕ್ಯುರಿಟಿ ಸಾಫ್ಟ್‌ವೇರಿನ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಹೋದಾಗ ಆದದ್ದು ಇದೇ. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಲು ಜನ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನಡೆದರು, ಜೊತೆಗೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಹುಡುಕಿದರು. ಅಂಥ ಹೊತ್ತಿಗೆ ಡೆಲ್ ಸರ್ವರ್‌ನ ಐಡ್ರ್ಯಾಕ್, ಎಚ್‌ಪಿಇಯ ಐಎಲ್‌ಒ, ಇಂಟೆಲ್‌ನ ವಿ-ಪ್ರೋ (vPro) ಇರುವ ಕಂಪ್ಯೂಟರಿನ ಎಎಂಟಿ, ಹೀಗೆ ಹಾರ್ಡ್‌ವೇರಿನಲ್ಲೇ ಕೂತಿರುವ ಇಂಥವು ಮಾತ್ರ ದೂರದಿಂದ ಪರದೆ ತೋರಿಸಬಲ್ಲವು, ಯಾಕೆಂದರೆ ಅವು ವಿಂಡೋಸನ್ನು ನೆಚ್ಚಿಕೊಂಡಿಲ್ಲ. ಕ್ಲೌಡ್‌ನಲ್ಲಿ ಸೀರಿಯಲ್ ಕನ್ಸೋಲ್ ಈ ಕೆಲಸ ಮಾಡುತ್ತದೆ. ಸರ್ವರ್ ಕೊಳ್ಳುವಾಗ ಈ ಭಾಗಕ್ಕೆ ಜಾಸ್ತಿ ದುಡ್ಡು ಕೇಳಿದರೂ ಕೊಡಿ.

ಲಿನಕ್ಸ್ ಸರ್ವರ್ ಇರುವವರಿಗೆ ಆಯ್ಕೆಯ ತಲೆನೋವು ಕಡಿಮೆ: ದೂರದಿಂದ ಒಳಗೆ ಹೋಗಲು ಎಸ್‌ಎಸ್‌ಎಚ್, ಸರ್ವಿಸ್ ನೋಡಲು, ಎಬ್ಬಿಸಲು ಸಿಸ್ಟಮ್‌ಸಿಟಿಎಲ್, ಲಾಗ್ ಓದಲು ಜರ್ನಲ್‌ಸಿಟಿಎಲ್. 203 ಕಂಡರೆ ಪ್ರೋಗ್ರಾಮಿನ ದಾರಿ ಅಥವಾ ಓಡಿಸುವ ಪರ್ಮಿಷನ್ ತಪ್ಪು, 217 ಕಂಡರೆ ಬಳಕೆದಾರರ ಹೆಸರು ತಪ್ಪು. 10 ಸೆಕೆಂಡಿನಲ್ಲಿ 5 ಸಲಕ್ಕಿಂತ ಜಾಸ್ತಿ ಎಬ್ಬಿಸಲು ನೋಡಿದರೆ, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತಾನೇ ತಡೆಯುತ್ತದೆ. ಕಾರಣ ಸರಿಪಡಿಸಿ, ರೀಸೆಟ್-ಫೇಲ್ಡ್ ಕೊಟ್ಟು ಮತ್ತೆ ಎಬ್ಬಿಸಿ.

ಇನ್ನು ಯಾರು ಏನು ಇಟ್ಟುಕೊಳ್ಳಬೇಕು. ಡೊಮೈನ್ ಇರುವ ಆಫೀಸಾದರೆ ವಿನ್‌ಆರ್‌ಎಂ ಮುಖ್ಯ ದಾರಿ, ಸರ್ವಿಸಸ್ ವಿಂಡೋದ ಆರ್‌ಪಿಸಿ ಎರಡನೆಯದು, ಎರಡನ್ನೂ ಗ್ರೂಪ್ ಪಾಲಿಸಿಯಿಂದ ಅಡ್ಮಿನ್ ಕಂಪ್ಯೂಟರ್‌ಗಳಿಗೆ ಮಾತ್ರ ತೆರೆಯಿರಿ. ಡೊಮೈನ್ ಇಲ್ಲದ ಚಿಕ್ಕ ಬ್ರಾಂಚ್‌ಗಳಾದರೆ ವಿಪಿಎನ್, ಅದರ ಮೇಲೆ ವಿನ್‌ಆರ್‌ಎಂ ಅಥವಾ ಎಸ್‌ಎಸ್‌ಎಚ್. ವಿಂಡೋಸ್ 10ರ 1809 ಆವೃತ್ತಿಯಿಂದ ಎಸ್‌ಎಸ್‌ಎಚ್ ಸರ್ವರನ್ನು ವಿಂಡೋಸ್‌ನಲ್ಲೇ ಸೇರಿಸಿಕೊಳ್ಳಬಹುದು. ಮನೆ, ಅಂಗಡಿಗಳಿಗೆ ಕ್ವಿಕ್ ಅಸಿಸ್ಟ್, ಜೊತೆಗೆ ಆ ಕಡೆಯವರಲ್ಲಿ ಯಾರಿಗಾದರೂ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರಬೇಕು. ಎಲ್ಲ ಸರಿಯಾಗಿ ಓಡುತ್ತಿರುವ ಒಂದು ದಿನ, ನಿಮ್ಮ ಮೇಜಿನಿಂದಲೇ ಪ್ರತಿ ಕಂಪ್ಯೂಟರಿಗೂ ಸ್ಪೂಲರ್ ಸ್ಥಿತಿ ಏನೆಂದು ಎರಡೂ ದಾರಿಯಲ್ಲಿ ಕೇಳಿ. ಉತ್ತರ ಕೊಡದವನ್ನು ಆ ವಾರದಲ್ಲೇ ಸರಿಮಾಡಿ.